ಎಂಟು ಸಾವಿರಕ್ಕೆ ಕೃಷ್ಣದೇವರಾಯನ ವರಾಹ ಸಿಗುತ್ತಾ?

ಹೋದ ವರ್ಷ ಆನ್‌ಲೈನ್‌ನಲ್ಲಿ ಕೃಷ್ಣದೇವರಾಯನ ವರಾಹ ಅಂತ ಒಂದು ನಾಣ್ಯ ತಗೊಂಡೆ. ಒಂದು ಕಡೆ ಬಾಲಕೃಷ್ಣ, ಇನ್ನೊಂದು ಕಡೆ ನಾಗರಿಯಲ್ಲಿ ರಾಜನ ಹೆಸರು. ಬೆಲೆ ಎಂಟು ಸಾವಿರ! ಬಿಕಾಂ ಓದಿದವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಅಸಲಿ ವರಾಹ ಸುಮಾರು 3.4 ಗ್ರಾಂ ತೂಗುತ್ತೆ. ಕರಗಿಸಿ ಮಾರಿದ್ರೂ ಆ ಚಿನ್ನಕ್ಕೆ ಅದಕ್ಕಿಂತ ಜಾಸ್ತಿ ದುಡ್ಡು ಬರುತ್ತೆ.

ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ರೆ 2.6 ಗ್ರಾಂ. ಅಂಚಿನ ಸುತ್ತ ಕೂದಲೆಳೆಯಷ್ಟು ಗೆರೆ ಬೇರೆ.

ನನ್ನನ್ನ ಎಚ್ಚರಿಸಿದ್ದು ಆ ಗೆರೆ. ಆಗಿನ ಟಂಕಸಾಲೆಯಲ್ಲಿ ಚಿನ್ನದ ಬಿಲ್ಲೆಯನ್ನು ಎರಡು ಅಚ್ಚುಗಳ ಮಧ್ಯೆ ಇಟ್ಟು ಸುತ್ತಿಗೆಯಿಂದ ಹೊಡೀತಿದ್ರು. ಅದಕ್ಕೇ ಚಿತ್ರ ಒಂದು ಕಡೆ ಸರಿದಿರುತ್ತೆ, ಒಂದೆರಡು ಅಕ್ಷರ ಅಂಚಿನಾಚೆ ಹೋಗಿರುತ್ತೆ. ನಕಲಿಯವರು ಹೆಚ್ಚಾಗಿ ಲೋಹ ಕರಗಿಸಿ ಹುಯ್ಯುತ್ತಾರೆ. ಅಚ್ಚಿನ ಎರಡು ಭಾಗ ಸೇರೋ ಜಾಗದಲ್ಲಿ ಗೆರೆ ಉಳಿಯುತ್ತೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳು ಬೀಳುತ್ತೆ. ಭೂತಗನ್ನಡಿಯಲ್ಲಿ ನೋಡಿದ್ರೆ ಸಾಕು.

ಆದ್ರೆ ಅಚ್ಚು ಒತ್ತಿ ಮಾಡಿದ ನಕಲಿಗಳೂ ಇವೆ, ಅವುಗಳಲ್ಲಿ ಈ ಗೆರೆ ಇರಲ್ಲ. ಹಾಗಾಗಿ ಹೊಸಬರು ಚಿನ್ನದ ಸಹವಾಸಕ್ಕೆ ಹೋಗಬೇಡಿ, ವಿಜಯನಗರದ ತಾಮ್ರದ ಕಾಸಿನಿಂದ ಶುರು ಮಾಡಿ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ಹಳೇ ಮೆರುಗಿನ ಜೊತೆ ಬೆಲೆನೂ ಹೋಗುತ್ತೆ. ದುಬೈನಲ್ಲಿರೋ ಫ್ರೆಂಡ್‌ಗೆ ಗಿಫ್ಟ್ ಕಳಿಸೋ ಐಡಿಯಾನೂ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ನಾವು ದೇಶದಾಚೆ ಕಳಿಸೋ ಹಾಗಿಲ್ಲ.