ತಿರುಪ್ಪೂರಿನ ರೂಮಲ್ಲಿ ಫೈಲ್ ಸರ್ವರ್: ಡೊಮೈನ್ ಕೊಳ್ಳುವ ಮೊದಲು ಇದನ್ನು ನೋಡಿ

ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಹತ್ತಿ ಕೊಯಮತ್ತೂರು, ತಿರುಪ್ಪೂರಿನಲ್ಲಿ ಇಳಿಯುವ ನಮ್ಮ ಯುವಕರಲ್ಲಿ ಕಲಿಯಲು ಹೋದವರೂ ಇದ್ದಾರೆ, ಬನಿಯನ್, ಟಿ-ಶರ್ಟ್ ವ್ಯಾಪಾರಕ್ಕೆ ಹೋದವರೂ ಇದ್ದಾರೆ. ಡಿಸೈನ್ ಫೈಲು, ಬಿಲ್ಲು, ಸ್ಯಾಂಪಲ್ ಫೋಟೋ ಸೇರಿದರೆ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಎಲ್ಲಿಗೆ ಸಾಲುತ್ತದೆ? ಹಾಗಾಗಿ ಹಳೆಯ ಕಂಪ್ಯೂಟರಿಗೆ ದೊಡ್ಡ ಹಾರ್ಡ್‌ಡಿಸ್ಕ್ ಹಾಕಿ ರೂಮಲ್ಲೇ ಫೈಲ್ ಸರ್ವರ್ ಮಾಡುವ ಯೋಚನೆ ಬರುತ್ತದೆ. ಮಂಗಳೂರಿನ ಅಂಗಡಿಯಿಂದಲೋ, ಗಲ್ಫ್‌ನಲ್ಲಿರುವ ಕಾಕನ ಮೊಬೈಲಿನಿಂದಲೋ ಅದನ್ನು ತೆರೆಯಬೇಕೆಂದರೆ ಅದಕ್ಕೊಂದು ಹೆಸರು, ಅಂದರೆ ಡೊಮೈನ್ ಬೇಕು.

ಹೆಸರು ಸಿಗುವುದು ಸುಲಭ. '.ಇನ್' ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. ಕನ್ನಡ ಲಿಪಿಯ '.ಭಾರತ' ಕೂಡ ಅವರದ್ದೇ. ಮೊದಲ ವರ್ಷದ ಆಫರ್ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ಕೇಳಿ.

ಕಷ್ಟ ಇರುವುದು ಆ ಹೆಸರನ್ನು ನಿಮ್ಮ ರೂಮಿಗೆ ಜೋಡಿಸುವುದರಲ್ಲಿ. ಹೆಸರಿನ ಹಿಂದೆ ಒಂದು ಐಪಿ ವಿಳಾಸ ಇರಬೇಕು. ಆದರೆ ಬ್ರಾಡ್‌ಬ್ಯಾಂಡ್ ಕಂಪೆನಿಗಳು ಒಂದೇ ಹೊರ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವುದುಂಟು. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಕಾಗದದ ಮೇಲೆ ಫ್ಲ್ಯಾಟಿನ ಹೆಸರಿದೆ, ಮನೆ ನಂಬರ್ ಇಲ್ಲ ಎಂದ ಹಾಗೆ. ಪೋಸ್ಟ್‌ಮ್ಯಾನ್ ಗೇಟಿನಲ್ಲೇ ನಿಲ್ಲುತ್ತಾನೆ. ಪರೀಕ್ಷಿಸುವುದು ಹೀಗೆ: ರೂಟರ್ ಪುಟದಲ್ಲಿ ಕಾಣುವ ವ್ಯಾನ್ ಐಪಿಯನ್ನೂ, 'ನನ್ನ ಐಪಿ ಯಾವುದು' ಎಂದು ಹುಡುಕಿದಾಗ ಸಿಗುವುದನ್ನೂ ಹೋಲಿಸಿ. ಎರಡೂ ಬೇರೆಯಾದರೆ, ಅಥವಾ ರೂಟರಿನಲ್ಲಿರುವುದು 100.64ರಿಂದ 100.127ರೊಳಗೆ ಶುರುವಾದರೆ, ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ.

ಎರಡೂ ಒಂದೇ ಆಗಿದ್ದರೂ ಆ ವಿಳಾಸ ಆಗಾಗ ಬದಲಾಗಬಹುದು. ಅದಕ್ಕೆ ಡೈನಾಮಿಕ್ ಡಿಎನ್‌ಎಸ್ ಇದೆ: ರೂಟರ್ ತಾನೇ ಹೊಸ ವಿಳಾಸವನ್ನು ಹೆಸರಿಗೆ ಬರೆಯುತ್ತಿರುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ವಿಂಡೋಸ್ ಫೋಲ್ಡರ್ ಹಂಚುವ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಲೇಬಾರದು. 2017ರಲ್ಲಿ ವಾನಾಕ್ರೈ ಹರಡಿದ್ದು ಈ ದಾರಿಯಲ್ಲೇ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಡಬ್ಬಿಗಳ ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಉಮ್ಮನ ಹಳೆಯ ಫೋಟೋಗಳು ಆ ಡಿಸ್ಕಿನಲ್ಲಿ ಮಾತ್ರ ಇದ್ದರೆ ಯೋಚಿಸಿ.

ನನ್ನ ಪ್ರಕಾರ ಮನೆ ಬಳಕೆಗೆ ಟೇಲ್‌ಸ್ಕೇಲ್ ಸಾಕು. ಸರ್ವರಿಗೂ, ಬಳಸುವವರ ಮೊಬೈಲಿಗೂ ಅದನ್ನು ಹಾಕಿದರೆ ಸಿಜಿನ್ಯಾಟ್ ಇದ್ದರೂ ಕೆಲಸ ನಡೆಯುತ್ತದೆ, ಯಾವ ಪೋರ್ಟೂ ತೆರೆಯಬೇಕಿಲ್ಲ. ಅದು ಕೊಡುವ ವಿಳಾಸವನ್ನು ನಿಮ್ಮ ಡೊಮೈನಿನ 'ಎ' ರೆಕಾರ್ಡಿಗೆ ಹಾಕಿ. ಹೆಸರು ಎಲ್ಲರಿಗೂ ಕಂಡರೂ ಬಾಗಿಲು ನೀವು ಸೇರಿಸಿದವರಿಗೆ ಮಾತ್ರ. ಗಿರಾಕಿಗಳಿಗೂ ಲಿಂಕ್ ಕಳಿಸಬೇಕಿದ್ದರೆ ಕ್ಲೌಡ್‌ಫ್ಲೇರ್ ಟನೆಲ್ ನೋಡಬಹುದು, ಆದರೆ ಉಚಿತ ಪ್ಲಾನಿನಲ್ಲಿ ಒಂದೇ ಸಲಕ್ಕೆ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಹೋಗುವುದಿಲ್ಲ. ಡಿಸೈನ್ ಫೈಲಿನವರಿಗೆ ಇದು ತಲೆನೋವು.

ಬ್ರೌಸರಿನಲ್ಲಿ ಬೀಗದ ಗುರುತು ಬರಲು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಸರ್ಟಿಫಿಕೇಟ್ ಸಿಗುತ್ತದೆ. ಡಿಎನ್‌ಎಸ್ ಮೂಲಕ ಪರಿಶೀಲಿಸುವ ವಿಧಾನ ಆರಿಸಿದರೆ ಇದಕ್ಕೂ ಪೋರ್ಟ್ ತೆರೆಯಬೇಕಿಲ್ಲ. ಸರ್ಟಿಫಿಕೇಟ್ ಪಡೆದ ಹೆಸರುಗಳು ಸಾರ್ವಜನಿಕ ದಾಖಲೆಗೆ ಸೇರುವುದರಿಂದ ಹೆಸರಿನಲ್ಲಿ ಮನೆ ನಂಬರ್, ಫೋನ್ ನಂಬರ್ ಬೇಡ.

ಇನ್ನೊಂದು ಮಾತು ವಿದ್ಯಾರ್ಥಿಗಳಿಗೆ: ಡೊಮೈನ್ ಖಾತೆಗೆ ಕಾಲೇಜಿನ ಇಮೇಲ್ ಕೊಡಬೇಡಿ. ಕೋರ್ಸ್ ಮುಗಿದು ಅದು ಬಂದ್ ಆದರೆ ನವೀಕರಣದ ನೋಟಿಸ್ ನಿಮಗೆ ಸಿಗುವುದಿಲ್ಲ, ಹೆಸರು ಬೇರೆಯವರ ಪಾಲಾಗುತ್ತದೆ.