ಪರಮಪ್ರಸಾದದಲ್ಲಿ ಕ್ರಿಸ್ತನ ಸಾನ್ನಿಧ್ಯ: ಮುಂಬಯಿಯ ಸಂದರ್ಭದಲ್ಲಿ ಒಂದು ವಿವೇಚನೆ

ಕಥೋಲಿಕ ಕ್ರೈಸ್ತರ ಬಲಿಪೂಜೆಯ ಕೇಂದ್ರದಲ್ಲಿರುವ ಸಂಸ್ಕಾರಕ್ಕೆ ಕನ್ನಡದಲ್ಲಿ ‘ಪರಮಪ್ರಸಾದ’ ಎಂಬ ಹೆಸರು ರೂಢಿಯಲ್ಲಿದೆ. ಗುರುವು ಪೀಠದ ಮೇಲೆ ಗೋಧಿಯ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಇರಿಸಿ, ಕಡೆಯ ಭೋಜನದಲ್ಲಿ ಯೇಸು ನುಡಿದ ಮಾತುಗಳನ್ನು ಉಚ್ಚರಿಸಿದಾಗ ಅವು ಕ್ರಿಸ್ತನ ಶರೀರವೂ ರಕ್ತವೂ ಆಗುತ್ತವೆ ಎಂಬುದು ಕಥೋಲಿಕರ ವಿಶ್ವಾಸ. ಈ ವಿಶ್ವಾಸದ ತಾತ್ತ್ವಿಕ ಸ್ವರೂಪವನ್ನೂ ಬಹುಭಾಷಿಕ ಮುಂಬಯಿಯಲ್ಲಿ ಅದಕ್ಕೆ ಎದುರಾಗುವ ಅರ್ಥದ ತೊಡಕನ್ನೂ ಸ್ಥೂಲವಾಗಿ ಪರಿಚಯಿಸುವುದು ಪ್ರಸ್ತುತ ಬರಹದ ಉದ್ದೇಶ.

1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಈ ಪರಿವರ್ತನೆಯನ್ನು ಹೆಸರಿಸಲು ಬಳಸಿದ ಲ್ಯಾಟಿನ್ ಪದವನ್ನು 1551ರಲ್ಲಿ ಟ್ರೆಂಟ್ ಮಹಾಸಭೆ ಸ್ಥಿರಪಡಿಸಿತು. ಅದನ್ನು ಕನ್ನಡದಲ್ಲಿ ‘ದ್ರವ್ಯಾಂತರ’ ಎನ್ನಬಹುದು. ರೊಟ್ಟಿಯ ಬಣ್ಣ, ರುಚಿ, ಆಕಾರಗಳು ಇದ್ದಂತೆಯೇ ಇರುತ್ತವೆ. ಅವುಗಳಿಗೆ ಆಧಾರವಾದ ದ್ರವ್ಯ ಮಾತ್ರ ಬದಲಾಗುತ್ತದೆ. ಹಾಲು ಮೊಸರಾದಾಗ ರೂಪ, ರುಚಿಗಳು ಬದಲಾಗುತ್ತವೆ. ಇಲ್ಲಿ ಇಂದ್ರಿಯಗೋಚರವಾದುದು ಯಾವುದೂ ಬದಲಾಗುವುದಿಲ್ಲ. ವೈಶೇಷಿಕ ದರ್ಶನವನ್ನು ಬಲ್ಲವರಿಗೆ ಇದು ಕುತೂಹಲಕರವೆನಿಸೀತು. ದ್ರವ್ಯವನ್ನು ಬಿಟ್ಟು ಗುಣ ನಿಲ್ಲಲಾರದು ಎಂಬುದು ಆ ದರ್ಶನದ ನಿಲುವು. ಸಹಜವಾಗಿ ಅದು ಅಸಾಧ್ಯವೆಂದು 13ನೆಯ ಶತಮಾನದ ಥಾಮಸ್ ಅಕ್ವಿನಾಸನೂ ಒಪ್ಪುತ್ತಾನೆ. ಆದರೆ ಈ ಸಂಸ್ಕಾರದಲ್ಲಿ ಗುಣಗಳನ್ನು ದೈವಶಕ್ತಿಯೇ ಎತ್ತಿಹಿಡಿದಿದೆ ಎನ್ನುತ್ತಾನೆ.

ಆಚರಣೆಯ ವಿವರಗಳೆಲ್ಲ ಈ ತತ್ತ್ವವನ್ನು ಅನುಸರಿಸುತ್ತವೆ. ಪ್ರತಿಯೊಂದು ತುಣುಕಿನಲ್ಲಿಯೂ ಕ್ರಿಸ್ತನು ಪೂರ್ಣವಾಗಿ ಇರುವನೆಂಬ ಕಾರಣದಿಂದ ಪಾತ್ರೆಗೆ ಅಂಟಿದ ಕಣವನ್ನೂ ಜೋಪಾನವಾಗಿ ಶುದ್ಧಿಗೊಳಿಸಲಾಗುತ್ತದೆ. ಪೂಜೆಯ ನಂತರ ಉಳಿದುದನ್ನು ರೋಗಿಗಳಿಗಾಗಿಯೂ ಆರಾಧನೆಗಾಗಿಯೂ ಭದ್ರವಾದ ಪೆಟ್ಟಿಗೆಯಲ್ಲಿರಿಸಿ, ಅದರ ಬಳಿ ದೀಪವನ್ನು ಉರಿಸುತ್ತಾರೆ. ಭಕ್ತರು ಅದರ ಮುಂದೆ ಮೊಣಕಾಲೂರುತ್ತಾರೆ. ರೊಟ್ಟಿಯ ಲಕ್ಷಣಗಳು ಇರುವವರೆಗೆ ಸಾನ್ನಿಧ್ಯವೂ ಇರುತ್ತದೆ.

ಈ ವಿಶ್ವಾಸವು ಮುಂಬಯಿಯಲ್ಲಿ ಸಾರ್ವಜನಿಕವಾಗಿ ಪ್ರಕಟವಾದ ಮುಖ್ಯ ಸಂದರ್ಭ 1964ರದು. ಆ ವರ್ಷದ ನವೆಂಬರ್ 28ರಿಂದ ಡಿಸೆಂಬರ್ 6ರವರೆಗೆ 38ನೆಯ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನವು ಈ ನಗರದಲ್ಲಿ ನಡೆಯಿತು. ಓವಲ್ ಮೈದಾನ ಅದರ ಕೇಂದ್ರವಾಗಿತ್ತು. ಆಗ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದರು. ಡಿಸೆಂಬರ್ 2ರಂದು ಆಗಮಿಸಿದ ಆರನೆಯ ಪೌಲರು ಭಾರತಕ್ಕೆ ಬಂದ ಮೊದಲ ಪೋಪ್. ಮರುದಿನ ಅನ್ಯಧರ್ಮಗಳ ಪ್ರತಿನಿಧಿಗಳನ್ನು ಉದ್ದೇಶಿಸಿ ಮಾತನಾಡುತ್ತ ಅವರು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯೊಂದನ್ನು ಉಲ್ಲೇಖಿಸಿದುದು ಗಮನಾರ್ಹ. ಅನ್ಯಧರ್ಮಗಳ ಬಗೆಗೆ ಈ ಔದಾರ್ಯ ತೋರಿದ ಪೋಪ್ ಸಾನ್ನಿಧ್ಯದ ವಿಷಯದಲ್ಲಿ ಮಾತ್ರ ಸಡಿಲಗೊಳ್ಳಲಿಲ್ಲ. ರೊಟ್ಟಿಯ ಅರ್ಥ, ಉದ್ದೇಶಗಳು ಬದಲಾಗುತ್ತವೆ ಎಂದರಷ್ಟೇ ಸಾಕೆಂಬ ಕೆಲವು ದೇವತಾಶಾಸ್ತ್ರಜ್ಞರ ವಾದವನ್ನು ಅವರು 1965ರ ಸೆಪ್ಟೆಂಬರ್ 3ರ ‘ಮಿಸ್ಟೇರಿಯುಂ ಫಿದೇಯಿ’ ಎಂಬ ವಿಶ್ವಪತ್ರದಲ್ಲಿ ನಿರಾಕರಿಸಿದರು. ವಸ್ತುವೇ ಬದಲಾಗುವುದರಿಂದ ಅರ್ಥ ಬದಲಾಗುತ್ತದೆ ಎಂಬುದು ಅವರ ಪ್ರತಿಪಾದನೆ.

ಇನ್ನು ಭಾಷೆಯ ವಿಚಾರ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರ ದಸ್ತಾವೇಜಿನಲ್ಲಿ ದೇಶಭಾಷೆಗಳಿಗೆ ಪೂಜೆಯಲ್ಲಿ ಅವಕಾಶ ನೀಡಿತು. ಮುಂಬಯಿಗೆ ವಲಸೆ ಬಂದ ಮಂಗಳೂರು ಕಡೆಯ ಕಥೋಲಿಕರ ಮನೆಮಾತು ಬಹುಮಟ್ಟಿಗೆ ಕೊಂಕಣಿ, ಅದರ ಲಿಪಿ ಕನ್ನಡ. ಅವರ ಕೊಂಕಣಿಯಲ್ಲಿ ಪರಮಪ್ರಸಾದ ಸ್ವೀಕಾರವನ್ನು ಸೂಚಿಸುವ ‘ಕುಮ್ಗಾರ್’ ಪೋರ್ಚುಗೀಸ್ ಮೂಲದ್ದು. ಆದುದರಿಂದ ಅದಕ್ಕೆ ಸ್ಥಳೀಯ ಧಾರ್ಮಿಕ ಅರ್ಥಛಾಯೆಗಳ ಹೊರೆಯಿಲ್ಲ. ಕನ್ನಡದ ‘ಪರಮಪ್ರಸಾದ’ ಹಾಗಲ್ಲ. ಮೂಲ ಗ್ರೀಕ್ ಪದಕ್ಕೆ ಕೃತಜ್ಞತಾಸಮರ್ಪಣೆ ಎಂದರ್ಥ. ಅಲ್ಲಿ ಒತ್ತು ಇರುವುದು ಮನುಷ್ಯನ ಸ್ತುತಿಯ ಮೇಲೆ. ಕನ್ನಡ ಪದ ಒತ್ತನ್ನು ದೇವರ ಅನುಗ್ರಹದ ಕಡೆಗೆ ತಿರುಗಿಸುತ್ತದೆ. ವೀರಶೈವರ ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದದ ನೆನಪೂ ದೇವಾಲಯದ ಪ್ರಸಾದದ ನೆನಪೂ ಅದರೊಡನೆ ಬರುತ್ತವೆ. ಭೇದವಾದರೋ ಮೂಲಭೂತವಾದುದು: ದೇವಾಲಯದ ಪ್ರಸಾದ ದೇವರಿಗೆ ಅರ್ಪಿತವಾಗಿ ಭಕ್ತನಿಗೆ ಮರಳಿದ ಅನ್ನ, ಪರಮಪ್ರಸಾದವಾದರೋ ಕಥೋಲಿಕರ ದೃಷ್ಟಿಯಲ್ಲಿ ಸ್ವತಃ ದೇವರೇ. ‘ಪರಮ’ ಎಂಬ ವಿಶೇಷಣವೇ ಈ ಅಂತರವನ್ನು ಹೊರಬೇಕಾಗಿದೆ.

ಈ ಅಂತರ ಕೇವಲ ಕೋಶದ ವಿಷಯವಲ್ಲ. ಮಾಹಿಮಿನ ಸಂತ ಮೈಕೇಲರ ದೇವಾಲಯದಲ್ಲಿ 1948ರಲ್ಲಿ ಆರಂಭವಾದ ಬುಧವಾರದ ನೊವೆನಾ ಪ್ರಾರ್ಥನೆಗೆ ಎಲ್ಲ ಮತಗಳ ಜನರೂ ಬರುತ್ತಾರೆ. ಮೇಣದಬತ್ತಿ, ಹರಕೆ, ಆಶೀರ್ವಾದಗಳು ಸರ್ವರಿಗೂ ಮುಕ್ತ. ಪರಮಪ್ರಸಾದ ಮಾತ್ರ ಸಾಮಾನ್ಯವಾಗಿ ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮೀಸಲು. ಅವರಲ್ಲಿಯೂ ಘೋರ ಪಾಪದ ಅರಿವುಳ್ಳವರು ಮೊದಲು ಪಾಪನಿವೇದನೆ ಮಾಡಬೇಕೆಂಬುದು ವಿಧಿ. ಕೈಯೊಡ್ಡಿದವರಿಗೆ ಪ್ರಸಾದವನ್ನು ನಿರಾಕರಿಸುವುದು ದೇವಾಲಯದ ಸಂಪ್ರದಾಯದಲ್ಲಿ ಬೆಳೆದವರಿಗೆ ಕಟುವೆನಿಸುವುದು ಸಹಜ. ಅದನ್ನು ಮನೆಮಂದಿಗೆ ಹಂಚಲೆಂದು ಭಕ್ತಿಯಿಂದ ಕೊಂಡೊಯ್ದರೆ ಅದೇ ಕೃತ್ಯ ಕಥೋಲಿಕರಿಗೆ ಅಪಚಾರವಾಗಿ ತೋರುತ್ತದೆ. ಎರಡು ಕಡೆಯಲ್ಲಿಯೂ ಇರುವುದು ಭಕ್ತಿಯೇ. ಕೈಯಲ್ಲಿರುವುದು ಏನು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಆದುದರಿಂದ ಕನ್ನಡ ಕ್ರೈಸ್ತ ಪಠ್ಯಗಳನ್ನು ಅಧ್ಯಯನ ಮಾಡುವವರು ‘ಪ್ರಸಾದ’ ಪದವನ್ನು ಎದುರುಗೊಂಡಾಗ ಅದನ್ನು ಪರಿಚಿತ ಅರ್ಥದಲ್ಲಿ ಗ್ರಹಿಸಿ ಮುಂದೆ ಸಾಗುವುದು ಸಾಧುವಲ್ಲ. ಪದ ಎರವಲಾದರೂ ಅದರ ಹಿಂದಿನ ತತ್ತ್ವ ಬೇರೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಆ ಪಠ್ಯಗಳ ನಿಜವಾದ ಅರ್ಥ ತೆರೆದುಕೊಳ್ಳುತ್ತದೆ.