ಮಾಣಿಕ್ಯದ ಹೆಸರಲ್ಲಿ ಮೆರೆದ ಸ್ಪಿನೆಲ್

ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿ, ಸುಮಾರು 170 ಕ್ಯಾರೆಟ್ ತೂಗುವ ಕೆಂಪು ಕಲ್ಲೊಂದಿದೆ. ಹೆಸರು ‘ಬ್ಲ್ಯಾಕ್ ಪ್ರಿನ್ಸ್ ರೂಬಿ’. ಹಿಂದೆ ಯಾರೋ ಪದಕ ಮಾಡಿಕೊಳ್ಳಲು ಅದಕ್ಕೆ ತೂತು ಕೊರೆದಿದ್ದರು. ಆ ತೂತಿನ ಮೇಲ್ತುದಿಯನ್ನು ಪುಟ್ಟದೊಂದು ರೂಬಿಯಿಂದ ಮುಚ್ಚಲಾಗಿದೆ. ಅಸಲಿ ಮಾಣಿಕ್ಯ ಆ ಪುಟ್ಟದಷ್ಟೇ, ದೊಡ್ಡದು ಸ್ಪಿನೆಲ್ ಎಂಬ ಬೇರೊಂದು ರತ್ನ.

ಇಂಥ ದೊಡ್ಡ ಸ್ಪಿನೆಲ್‌ಗಳಿಗೆ ಶತಮಾನಗಳ ಕಾಲ ಹೆಸರಾಗಿದ್ದುದು ಪಾಮೀರ್ ಪರ್ವತದ ಬದಖ್‌ಶಾನ್. ಗಣಿಯೆಲ್ಲ ಅರಸನ ಸ್ವತ್ತು, ಕಲ್ಲು ಕದ್ದು ಸಾಗಿಸಿದವನ ತಲೆ ಹೋಗುತ್ತದೆ ಎಂದು ಮಾರ್ಕೊ ಪೋಲೊ ಬರೆದಿದ್ದಾನೆ. ಪರ್ಷಿಯನ್ನರು ಸ್ಪಿನೆಲ್ ಅನ್ನು ‘ಲಾಲ್’ ಎನ್ನುತ್ತಿದ್ದರು. ಮಾಣಿಕ್ಯ ಅವರಿಗೆ ‘ಯಾಕೂತ್’. 11ನೇ ಶತಮಾನದಲ್ಲೇ ವಿದ್ವಾಂಸ ಅಲ್‌ಬಿರೂನಿ ಕಲ್ಲು ಹೊರಚೆಲ್ಲಿದ ನೀರನ್ನು ತೂಗಿ, ಲಾಲ್ ಹಗುರ ಎಂದು ತೋರಿಸಿದ್ದ. ಹಾಗಾಗಿ ಮೊಘಲರು ಮೋಸಹೋಗಿ ಇದನ್ನು ಧರಿಸಿದರು ಎನ್ನುವುದು ಸರಿಯಲ್ಲ. ಲಾಲ್ ಎಂದು ತಿಳಿದೇ ಆಸೆಪಟ್ಟರು.

352 ಕ್ಯಾರೆಟ್ಟಿನ ‘ತೈಮೂರ್ ರೂಬಿ’ಯನ್ನೇ ನೋಡಿ. ಮುಖ ಕಡಿಯದೆ, ಇದ್ದ ಆಕಾರದಲ್ಲೇ ಹೊಳಪು ಕೊಟ್ಟ ಕಲ್ಲು. ಮೈಮೇಲೆ ಜಹಾಂಗೀರ್, ಷಹಜಹಾನ್, ಔರಂಗಜೇಬ್, ಫರೂಖ್‌ಸಿಯರ್ ಬಿರುದುಗಳು. ಪರ್ಷಿಯಾದ ನಾದಿರ್ ಷಾ ದೆಹಲಿ ಲೂಟಿ ಮಾಡಿದ ನಂತರದ ಉದ್ದನೆಯ ಬರಹ. ಕೊನೆಗೆ ಅಹ್ಮದ್ ಷಾ ದುರಾನಿಯ ಹೆಸರು. ತೈಮೂರನ ಹೆಸರು ಮಾತ್ರ ಎಲ್ಲೂ ಇಲ್ಲ! ಪಂಜಾಬ್ ಬ್ರಿಟಿಷರ ವಶವಾದ ಮೇಲೆ ಲಾಹೋರಿನ ಖಜಾನೆಯಿಂದ ಹೊರಟು, 1851ರಲ್ಲಿ ವಿಕ್ಟೋರಿಯಾ ರಾಣಿಯ ಕೈಸೇರಿತು.

ಯುರೋಪಿನಲ್ಲಿ ಮಾಣಿಕ್ಯ, ಸ್ಪಿನೆಲ್ ಎರಡೂ ಬೇರೆ ಖನಿಜಗಳೆಂದು ಖಚಿತಪಡಿಸಿದ್ದು ಫ್ರಾನ್ಸಿನ ರೋಮೆ ದ ಲಿಲ್, 1783ರಲ್ಲಿ. ತಡವಾದುದಕ್ಕೆ ಕಾರಣವಿದೆ. ಎರಡಕ್ಕೂ ಕೆಂಪು ಕೊಡುವುದು ಕ್ರೋಮಿಯಂ. ಬರ್ಮಾದ ಮೊಗೊಕ್‌ನಲ್ಲಿ ಎರಡೂ ಒಂದೇ ಜಲ್ಲಿಯಲ್ಲಿ ಸಿಗುತ್ತವೆ. ಆದರೆ ಮಾಣಿಕ್ಯ ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಮೆಗ್ನೀಸಿಯಂ ಕೂಡ ಉಂಟು. ಮಾಣಿಕ್ಯದೊಳಗೆ ಬೆಳಕು ಎರಡಾಗಿ ಸೀಳುತ್ತದೆ, ತಿರುಗಿಸಿದರೆ ಕೆಂಪು ಒಮ್ಮೆ ನೇರಳೆಗೆ, ಒಮ್ಮೆ ಕಿತ್ತಳೆಗೆ ವಾಲುತ್ತದೆ. ಸ್ಪಿನೆಲ್‌ನದು ಯಾವ ಕಡೆಯಿಂದ ನೋಡಿದರೂ ಒಂದೇ ಬಣ್ಣ.

1915ರಲ್ಲಿ ವಿಲಿಯಂ ಬ್ರ್ಯಾಗ್ ಎಕ್ಸ್‌ರೇ ಹಾಯಿಸಿ ಇದರ ಒಳರಚನೆ ಕಂಡುಕೊಂಡರು. ಆಮ್ಲಜನಕದ ಚೌಕಟ್ಟು ಹಾಗೇ ಉಳಿಯುತ್ತದೆ, ಸಂದುಗಳಲ್ಲಿ ಕೂರುವ ಲೋಹಗಳು ಬದಲಾಗುತ್ತವೆ. ಹೀಗೆ ಬೆಳೆದ ಸ್ಪಿನೆಲ್ ಕುಟುಂಬದಲ್ಲಿ ರತ್ನವಾಗುವವು ಕಡಿಮೆ, ಅದಿರುಗಳೇ ಹೆಚ್ಚು. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್, ಕುದುರೆಮುಖದಿಂದ ಪಣಂಬೂರಿಗೆ ಕೊಳವೆಯಲ್ಲಿ ಹರಿದ ಮ್ಯಾಗ್ನೆಟೈಟ್ ಎರಡೂ ಇದೇ ಬಳಗದವು.

2007ರಲ್ಲಿ ಟಾಂಜಾನಿಯಾದ ಮಹೆಂಗೆಯಲ್ಲಿ ಸ್ಪಿನೆಲ್ ರತ್ನದ ಭಾರೀ ಹರಳುಗಳು ಸಿಕ್ಕವು. ಕಾಯಿಸಿ ಬಣ್ಣ ಏರಿಸಿದ ಮಾಣಿಕ್ಯಗಳೇ ತುಂಬಿರುವ ಪೇಟೆಯಲ್ಲಿ, ಬೆಂಕಿ ಕಾಣದ ಸ್ಪಿನೆಲ್‌ಗೆ ಗಿರಾಕಿಗಳು ಹೆಚ್ಚಿದ್ದಾರೆ. 2016ರಲ್ಲಿ ಅಮೆರಿಕದ ವರ್ತಕರು ಇದನ್ನು ಆಗಸ್ಟ್ ತಿಂಗಳ ರತ್ನಗಳ ಪಟ್ಟಿಗೂ ಸೇರಿಸಿದರು. ನಮ್ಮ ನವರತ್ನದ ಉಂಗುರದಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ. ಮಾಣಿಕ್ಯ ಕೊಳ್ಳಲಾಗದವರಿಗೆ ಜ್ಯೋತಿಷಿಗಳು ಸೂಚಿಸುವ ಉಪರತ್ನ ಇದು.